ಅವ್ವನ ಬೆಳ್ಳಿ ರೂಪಾಯಿಗಳು

ದೀಪಾವಳಿಯ ಅಮಾವಾಸ್ಯೆ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಬೆಳ್ಳಿಯ ಸಾಮಾನುಗಳು ಸಂದೂಕದಿಂದ ಹೊರಗೆ ಬರುತ್ತವೆ. ಆರತಿ ತಟ್ಟೆ, ಪಂಚಪಾಳ, ಕುಂಕುಮದ ಭರಣಿ, ಇವುಗಳ ಜೊತೆಗೆ ಹಿರಿಯರ ಕಾಲದಿಂದ ಉಳಿದುಬಂದ ನಾಲ್ಕಾರು ಬೆಳ್ಳಿಯ ನಾಣ್ಯಗಳೂ ಲಕ್ಷ್ಮೀಪೂಜೆಗೆ ಬೇಕಾಗುತ್ತವೆ. ವರ್ಷವಿಡೀ ಕತ್ತಲೆಯಲ್ಲಿದ್ದ ನಾಣ್ಯಗಳು ಕಪ್ಪಡರಿರುವುದನ್ನು ಕಂಡು ಮನೆಯ ತಾಯಂದಿರು ಹುಣಸೆಹಣ್ಣನ್ನೋ ಹಲ್ಲುಪುಡಿಯನ್ನೋ ಕೈಗೆತ್ತಿಕೊಳ್ಳುತ್ತಾರೆ. ಪರಿಚಿತರಾದ ಕೆಲವರು ನಮ್ಮನ್ನೂ ಕೇಳುವುದುಂಟು: "ಬೆಳ್ಳಿಯ ನಾಣ್ಯವನ್ನು ಯಾವುದರಿಂದ ತಿಕ್ಕಿದರೆ ಚೆನ್ನಾಗಿ ಹೊಳೆಯುತ್ತದೆ?" ನಮ್ಮ ಉತ್ತರ ಅವರಿಗೆ ನಿರಾಸೆಯನ್ನುಂಟುಮಾಡುತ್ತದೆ. ತಿಕ್ಕಲೇಬೇಡಿರಿ ಎನ್ನುತ್ತೇವೆ. ಈ ಮಾತನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಇಪ್ಪತ್ತು ನಾಣ್ಯಗಳನ್ನು ಕೆಡಿಸಿ, ಒಡಹುಟ್ಟಿದ ಅಕ್ಕನ ಮನಸ್ಸನ್ನು ನೋಯಿಸಿ ಕಲಿತವರು. ಆ ಸಂಗತಿಯನ್ನು ಈಗಲಾದರೂ ಹೇಳಿಬಿಡುವುದು ಒಳ್ಳೆಯದೆಂದು ತೋರಿದೆ.

ನಮ್ಮ ಅವ್ವ 1998ರಲ್ಲಿ ಲಿಂಗೈಕ್ಯಳಾದಳು. ಆಕೆಯ ಬಳಿ ಅರವತ್ತು ಬೆಳ್ಳಿಯ ರೂಪಾಯಿಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಆಕೆಗೆ ತನ್ನ ಅತ್ತೆಯಿಂದ, ಎಂದರೆ ನಮ್ಮ ಅಜ್ಜಿಯಿಂದ ಬಂದವು. ಕೆಲವನ್ನು ಮಾತ್ರ ಆಕೆಯೇ ಹತ್ತಿ ಬಿಡಿಸಿದ ಕೂಲಿಯಲ್ಲಿ ಉಳಿಸಿ ಕೂಡಿಹಾಕಿದ್ದಳು. ಅಡುಗೆಮನೆಯಿಂದ ದೂರವಿದ್ದ ಒಳಕೋಣೆಯ ಸಂದೂಕದಲ್ಲಿ, ಬಿಗಿಯಾದ ಮುಚ್ಚಳವುಳ್ಳ ಹಿತ್ತಾಳೆಯ ಡಬ್ಬಿಯಲ್ಲಿ, ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆಯ ತುಂಡುಗಳಲ್ಲಿ ಅವುಗಳನ್ನು ಕಟ್ಟಿಟ್ಟಿದ್ದಳು. ವರ್ಷಕ್ಕೊಮ್ಮೆ ಮಾತ್ರ ಆ ಡಬ್ಬಿ ತೆರೆಯುತ್ತಿತ್ತು. ತೆರೆಯುವ ಮೊದಲು ಕೈ ತೊಳೆದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಪೂಜೆ ಮುಗಿದ ಮರುದಿನವೇ ನಾಣ್ಯಗಳು ಮತ್ತೆ ಬಟ್ಟೆ ಸೇರುತ್ತಿದ್ದವು. ತಿಕ್ಕಿದ್ದನ್ನು ನಾವು ಕಂಡದ್ದಿಲ್ಲ. ಅವುಗಳ ಮೇಲೆ ತೆಳುವಾದ ಬೂದುಬಣ್ಣದ ಛಾಯೆಯಿತ್ತೇ ಹೊರತು ಕಪ್ಪು ಇರಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ಡಬ್ಬಿಯನ್ನು ತೆರೆದಾಗ ಒಳಗೆ ಮೂರು ಗಂಟುಗಳಿದ್ದವು, ಒಂದೊಂದರಲ್ಲಿ ಇಪ್ಪತ್ತರಂತೆ. ಮಕ್ಕಳು ನಾವು ಮೂವರು: ಅಕ್ಕ, ನಾವು, ತಮ್ಮ. ಯಾವ ಗಂಟು ಯಾರಿಗೆ ಎಂಬುದನ್ನು ಅವ್ವ ಕಡೆಯ ದಿನಗಳಲ್ಲಿ ತಮ್ಮನ ಹೆಂಡತಿಗೆ ತಿಳಿಸಿದ್ದಳು. ಮಠದಲ್ಲಿ ಓದಿದವರೆಂಬ ಗೌರವದಿಂದ ಹಂಚುವ ಕೆಲಸ ನಮ್ಮ ಪಾಲಿಗೆ ಬಂತು. ನಾವು ಎಣಿಸಿದೆವು, ಕೊಟ್ಟೆವು. ನಾಣ್ಯಗಳ ಮೇಲಿನ ಇಸವಿಯನ್ನು ನೋಡಲಿಲ್ಲ, ಯಾವ ಪಟ್ಟಿಯನ್ನೂ ಬರೆಯಲಿಲ್ಲ. ನಮ್ಮ ಮೊದಲ ತಪ್ಪು ಅದೇ.

ನೋಡಿದ್ದರೆ ಏನು ತಿಳಿಯುತ್ತಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ತೂಕದ ರೂಪಾಯಿಯನ್ನು ನಿಗದಿಪಡಿಸಿತು. ಅದರ ತೂಕ 180 ಗ್ರೇನ್. ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ, ಉಳಿದದ್ದು ಗಡಸುತನಕ್ಕಾಗಿ ಸೇರಿಸಿದ ಬೆರಕೆ ಲೋಹ. ಎಂದರೆ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಇಂದಿನ ಲೆಕ್ಕದಲ್ಲಿ ತೂಕ 11.66 ಗ್ರಾಂ, ನಮ್ಮ ಹಿರಿಯರು ಒಂದು ತೊಲೆ ಎನ್ನುತ್ತಿದ್ದುದು ಈ ತೂಕವನ್ನೇ. ವಿಕ್ಟೋರಿಯಾ ರಾಣಿಯ ಛಾಪು, ಏಳನೆಯ ಎಡ್ವರ್ಡನ ಛಾಪು, ಐದನೆಯ ಜಾರ್ಜನ ಛಾಪು ಹೀಗೆ ಮುಖಗಳು ಬದಲಾದರೂ ಬೆಳ್ಳಿಯ ಪ್ರಮಾಣ ಬದಲಾಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅದು ಇಳಿಯಿತು. 1940ರಿಂದ 1945ರವರೆಗಿನ ಇಸವಿಯುಳ್ಳ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಪಾಲು ಮಾತ್ರ. ಉಳಿದರ್ಧದಲ್ಲಿ ತಾಮ್ರವೇ ಹೆಚ್ಚು, ಜೊತೆಗೆ ಸ್ವಲ್ಪ ನಿಕ್ಕಲ್ ಮತ್ತು ಸತುವು. 1947ರ ಇಸವಿಯ, ಹಿಂಬದಿಯಲ್ಲಿ ಹುಲಿಯ ಚಿತ್ರವಿರುವ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್ ನಾಣ್ಯ. ಅವ್ವನ ಗಂಟುಗಳಲ್ಲಿ ಈ ಮೂರು ಬಗೆಯವೂ ಇದ್ದವೆಂಬುದು ನಮಗೆ ಎಂಟು ವರ್ಷಗಳವರೆಗೆ ತಿಳಿಯಲಿಲ್ಲ.

ನಮ್ಮ ಬಾಲ್ಯದ ಹನ್ನೊಂದು ವರ್ಷಗಳು ಮಠವೊಂದರ ಪ್ರಸಾದ ನಿಲಯದಲ್ಲಿ ಕಳೆದವು. ಸಂಸ್ಕೃತವನ್ನೂ ವಚನ ಸಾಹಿತ್ಯವನ್ನೂ ಕಲಿತದ್ದು ಅಲ್ಲಿಯೇ. ಓದಿನ ಜೊತೆಗೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕಾಯಕವಿರುತ್ತಿತ್ತು. ನಮ್ಮ ಪಾಲಿಗೆ ಬಂದದ್ದು, ಜಾತ್ರೆಗೆ ಮುನ್ನ ಬೆಳ್ಳಿಯ ಕಳಶ, ಪಾದುಕೆ, ಪಲ್ಲಕ್ಕಿಯ ಬೆಳ್ಳಿಯ ತಗಡು ಇವುಗಳನ್ನು ತೊಳೆಯುವ ಕೆಲಸ. ಅಂಟುವಾಳದ ನೊರೆ, ಹುಣಸೆಹಣ್ಣಿನ ಹುಳಿ, ಜರಡಿ ಹಿಡಿದ ನಯವಾದ ಬೂದಿ ಇವೇ ನಮ್ಮ ಸಾಧನಗಳು. ತೋಳು ನೋಯುವವರೆಗೆ ಉಜ್ಜಿ, ಬೆಳ್ಳಿಯಲ್ಲಿ ನಮ್ಮ ಮುಖ ಕಂಡಾಗ ಹಿರಿಯ ಸ್ವಾಮಿಗಳು ತಲೆದೂಗುತ್ತಿದ್ದರು. ಆ ಮೆಚ್ಚುಗೆಯ ರುಚಿ ನಮ್ಮಲ್ಲಿ ಉಳಿದುಬಿಟ್ಟಿತ್ತು. ಹೀಗಾಗಿ ಅವ್ವನ ಇಪ್ಪತ್ತು ನಾಣ್ಯಗಳು ನಮ್ಮ ಮನೆಗೆ ಬಂದ ವರ್ಷವೇ, ದೀಪಾವಳಿಯ ಮುನ್ನಾದಿನ, ನಾವು ಅದೇ ವಿದ್ಯೆಯನ್ನು ಅವುಗಳ ಮೇಲೆ ಪ್ರಯೋಗಿಸಿದೆವು. ನಾಣ್ಯಗಳು ಹೊಳೆದವು. ಮನೆಯವರು ಸಂತೋಷಪಟ್ಟರು. ಪ್ರತಿವರ್ಷವೂ ಇದು ನಡೆಯಿತು. ಐದಾರು ವರ್ಷಗಳಾದ ಮೇಲೆ ಒಂದು ದಿನ ಮಗಳು ಒಂದು ನಾಣ್ಯವನ್ನು ಕೈಯಲ್ಲಿ ಹಿಡಿದು, "ಅಪ್ಪಾ, ಈ ರಾಣಿಗೆ ಮೂಗ ಇಲ್ಲ" ಎಂದಳು. ನೋಡಿದರೆ ನಿಜ. ರಾಣಿಯ ಮೂಗಿನ ಗೆರೆ, ಕಿರೀಟದ ಕುಸುರಿ, ಇಸವಿಯ ಕೊನೆಯ ಅಂಕೆ ಎಲ್ಲವೂ ಸವೆದು ನುಣುಪಾಗಿದ್ದವು. ಎಂಟು ನಾಣ್ಯಗಳು ಮಾಸಲು ಹಳದಿಗೆ ತಿರುಗಿದ್ದವು.

ಇಲ್ಲಿ ನಮಗೆ ನಾಚಿಕೆಯಾದದ್ದು ಬೇರೊಂದು ಕಾರಣಕ್ಕೆ. ರೂಪಾಯಿ ಎಂಬ ಮಾತಿನ ಮೂಲ ಸಂಸ್ಕೃತದ ರೂಪ್ಯ. ಮುದ್ರೆಯೊತ್ತಿ ರೂಪವನ್ನು ಪಡೆದದ್ದು ರೂಪ್ಯ ಎಂಬ ಅರ್ಥದಲ್ಲಿ ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಈ ಶಬ್ದವನ್ನು ಸಾಧಿಸುತ್ತಾನೆ. ನಾವು ಈ ಸೂತ್ರವನ್ನು ಎಷ್ಟೋ ಮಂದಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೆವು. ರೂಪವಿರುವುದರಿಂದ ಅದು ರೂಪಾಯಿ. ಆ ರೂಪವನ್ನೇ ನಾವು ನಮ್ಮ ಕೈಯಾರೆ ಉಜ್ಜಿ ತೆಗೆದಿದ್ದೆವು.

ಆದರೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಕಡೆ ಆಗಿತ್ತು. 2003ರ ದೀಪಾವಳಿಗೆ ಮೂವರೂ ಊರಮನೆಯಲ್ಲಿ ಕೂಡಿದ್ದೆವು. ಮೂವರ ನಾಣ್ಯಗಳನ್ನೂ ಒಂದೇ ತಟ್ಟೆಯಲ್ಲಿಟ್ಟು ಪೂಜಿಸೋಣವೆಂದು ತಮ್ಮ ಹೇಳಿದ. ನಮ್ಮವು ಹೊಸ ತಗಡಿನಂತೆ ಹೊಳೆಯುತ್ತಿದ್ದವು. ತಮ್ಮನವು ಅವ್ವ ಇಟ್ಟಂತೆಯೇ ಇದ್ದವು. ಅವುಗಳಲ್ಲಿ ಆರಂತೂ ಬೆಳ್ಳಗೆ ಮಿನುಗುತ್ತಿದ್ದವು. ಅಕ್ಕ ತನ್ನ ಗಂಟನ್ನು ಬಿಚ್ಚಿದಳು. ಇಪ್ಪತ್ತೂ ರೊಟ್ಟಿ ಬೇಯಿಸುವ ಹಂಚಿನಂತೆ ಕಪ್ಪಾಗಿದ್ದವು. ಅಂದು ಯಾರೂ ಏನೂ ಅನ್ನಲಿಲ್ಲ. ಮರುದಿನ ಹೊರಡುವಾಗ ಅಕ್ಕ ನಮ್ಮನ್ನು ಪಡಸಾಲೆಯ ಮೂಲೆಗೆ ಕರೆದು, "ತಮ್ಮಾ, ಇವು ಖೋಟಾ ರೊಕ್ಕ ಅಂತ ನಮ್ಮ ಮನಿಯಾಗ ಅಂತಾರ. ನಿನಗ ಏನರೆ ಗೊತ್ತೈತೇನು?" ಎಂದು ಮೆಲುದನಿಯಲ್ಲಿ ಕೇಳಿದಳು. ಆಕೆ ಕೇಳಿದ್ದು ಇಷ್ಟೇ. ನಾವು ಕೇಳಿಸಿಕೊಂಡದ್ದು ಬೇರೆ. ಹಂಚಿದವರು ನಾವು, ಒಳ್ಳೆಯವನ್ನು ಇಟ್ಟುಕೊಂಡು ಕೆಟ್ಟವನ್ನು ಕೊಟ್ಟಿದ್ದೇವೆಂಬ ಆರೋಪ ಆ ಮಾತಿನಲ್ಲಿದೆಯೆಂದು ತಿಳಿದು ನಮಗೆ ಸಿಟ್ಟು ಬಂತು. "ಮಠದ ಅನ್ನ ಉಂಡು ಬೆಳೆದವರು ಒಡಹುಟ್ಟಿದವರಿಗೆ ಮೋಸ ಮಾಡತಾರೇನು?" ಎಂದುಬಿಟ್ಟೆವು. ಅಕ್ಕ ಮರುಮಾತಾಡದೆ ಬಸ್ಸು ಹತ್ತಿದಳು. 2004ರ ನಾಗರಪಂಚಮಿಗೆ ಅವಳು ತವರಿಗೆ ಬರಲಿಲ್ಲ. ಮೈಯಲ್ಲಿ ನೆಟ್ಟಗಿಲ್ಲವೆಂದು ಹೇಳಿಕಳಿಸಿದಳು. 2005ರಲ್ಲೂ ಬರಲಿಲ್ಲ. ಪಂಚಮಿಗೆ ಮಗಳು ಬಾರದ ಮನೆಯ ಜೋಕಾಲಿ ಹೇಗಿರುತ್ತದೆಂಬುದನ್ನು ಉತ್ತರ ಕರ್ನಾಟಕದ ಓದುಗರಿಗೆ ನಾವು ಹೇಳಬೇಕಾಗಿಲ್ಲ.

2006ರ ಬೇಸಿಗೆಯಲ್ಲಿ ಸವೆದ ನಮ್ಮ ನಾಣ್ಯಗಳಿಗೆ ಏನಾದರೂ ಉಪಾಯವುಂಟೇ ಎಂದು ಕೇಳಲು ಊರಿನ ಹಿರಿಯ ಪತ್ತಾರರ ಬಳಿಗೆ ಹೋದೆವು. ಹೋಗುವಾಗ ಏನು ತೋಚಿತೋ, ತಮ್ಮನ ನಾಣ್ಯಗಳನ್ನೂ ಜೊತೆಗೆ ಒಯ್ದೆವು. ಅಕ್ಕನ ನಾಣ್ಯಗಳಲ್ಲಿ ಒಂದು ಆ ದೀಪಾವಳಿಯ ದಿನ ಜಗುಲಿಯ ಮೇಲೆಯೇ ಉಳಿದಿತ್ತು, ಅದನ್ನೂ ಒಯ್ದೆವು. ಪತ್ತಾರರು ಮೊದಲು ಒಂದು ಅಯಸ್ಕಾಂತವನ್ನು ತಮ್ಮನ ನಾಣ್ಯಗಳ ಮೇಲೆ ಹಿಡಿದರು. ಹೊಳೆಯುತ್ತಿದ್ದ ಆರೂ ನಾಣ್ಯಗಳು ಟಣ್ಣನೆ ಅದಕ್ಕೆ ಅಂಟಿಕೊಂಡವು. ಎಲ್ಲವೂ 1947ರವು. ಬಳಿಕ ನಮ್ಮ ಹಳದಿ ನಾಣ್ಯಗಳ ಇಸವಿ ನೋಡಿ, ಯುದ್ಧಕಾಲದವು, ಅರ್ಧ ಬೆಳ್ಳಿ ಎಂದರು. ಕಡೆಗೆ ಅಕ್ಕನ ಕಪ್ಪು ನಾಣ್ಯವನ್ನು ತಕ್ಕಡಿಗೆ ಹಾಕಿದರು. ಸರಿಯಾಗಿ ಒಂದು ತೊಲೆ. ಒರೆಗಲ್ಲಿಗೆ ಅಂಚನ್ನು ತಾಗಿಸಿ ನೋಡಿ ನಕ್ಕರು. "ನೋಡ್ರಿ ಶಾಸ್ತ್ರಿಗಳ, ಕರ್ರಗ ಆಗಿದ್ದ ಖರೇ ಬೆಳ್ಳಿ. ಹೊಳಿಯಾಕ ಹತ್ತಿದ್ದರಾಗ ಬೆಳ್ಳಿನ ಇಲ್ಲ. ನಿಮ್ಮ ಅವ್ವ ಚೊಕ್ಕ ರೊಕ್ಕ ಮಗಳಿಗೆ ಕಟ್ಟಿಟ್ಟಾಳ."

ಈ ಮಾತು ನಮ್ಮನ್ನು ಅಲ್ಲಿಯೇ ಕುಳ್ಳಿರಿಸಿತು. ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ರಾಣಿ ಛಾಪಿನ ಹಳೆಯ ರೂಪಾಯಿ ಯಾವುದು, ಹುಲಿಯ ರೂಪಾಯಿ ಯಾವುದು ಎಂಬುದು ಅವಳ ಕೈಗೆ ಗೊತ್ತಿತ್ತು. ಹೊಲ ಮನೆಗಳಲ್ಲಿ ಮಗಳಿಗೆ ಪಾಲು ಬಾರದೆಂದು ತಿಳಿದಿದ್ದ ಆ ತಾಯಿ, ತನ್ನ ಕೈಯಲ್ಲಿದ್ದುದರಲ್ಲಿ ಉತ್ತಮವಾದದ್ದನ್ನು ಆರಿಸಿ ಅವಳಿಗೆ ಕಟ್ಟಿದ್ದಳು. ಆ ಗಂಟನ್ನು ಖೋಟಾ ಎಂದು ಜನ ಆಡಿಕೊಳ್ಳುವಂತಾಯಿತು. ಇಸವಿ ನೋಡಿ ಉತ್ತರ ಹೇಳಬಹುದಾಗಿದ್ದ ನಾವು ಸಿಟ್ಟಾದೆವು.

ಅಕ್ಕನ ನಾಣ್ಯಗಳೇ ಏಕೆ ಅಷ್ಟು ಕಪ್ಪಾದವು? ಬೆಳ್ಳಿಯು ಬರಿಯ ಗಾಳಿಯಿಂದ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಅದರ ವೈರಿ ಗಂಧಕ. ಗಾಳಿಯಲ್ಲಿರುವ ಗಂಧಕಯುಕ್ತ ಅನಿಲವು ಬೆಳ್ಳಿಯ ಮೇಲ್ಮೈಯೊಡನೆ ಕೂಡಿ ಸಿಲ್ವರ್ ಸಲ್ಫೈಡ್ ಎಂಬ ಪದರವಾಗುತ್ತದೆ. ಅದು ಮೊದಲು ತಿಳಿಹಳದಿ, ಆಮೇಲೆ ಕಂದು, ನೀಲಿ, ಕೊನೆಗೆ ಕಪ್ಪು. ತೇವವಿದ್ದಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಗಂಧಕವೆಂದರೆ ಎಲ್ಲಿಯೋ ದೂರದ್ದಲ್ಲ. ಉಣ್ಣೆಯಲ್ಲಿದೆ, ರಬ್ಬರಿನಲ್ಲಿದೆ, ಈರುಳ್ಳಿ ಬೆಳ್ಳುಳ್ಳಿಗಳಲ್ಲಿದೆ, ಕಲ್ಲಿದ್ದಲ ಹೊಗೆಯಲ್ಲಿದೆ, ದೀಪಾವಳಿಯ ಪಟಾಕಿಯ ಮದ್ದಿನಲ್ಲಿದೆ. ಅಕ್ಕ ಮಾಡಿದ್ದೇನೆಂದರೆ, ಅವ್ವನ ಹಳೆಯ ಬಟ್ಟೆ ಹರಿಯಿತೆಂದು ನಾಣ್ಯಗಳನ್ನು ವರ್ತಮಾನಪತ್ರಿಕೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡು ಹಾಕಿ, ಅತ್ಯಂತ ಜೋಪಾನವೆಂದು ಭಾವಿಸಿ ಕಂಬಳಿಯ ಮಡಿಕೆಯೊಳಗೆ ಇಟ್ಟಿದ್ದಳು. ರಬ್ಬರು, ಉಣ್ಣೆ, ಕಾಗದ ಮೂರೂ ಸೇರಿ ಐದು ವರ್ಷಗಳಲ್ಲಿ ಅವ್ವ ಒಂದು ಜೀವಮಾನ ತಡೆದಿದ್ದ ಕಪ್ಪನ್ನು ತಂದಿದ್ದವು. ನಾಣ್ಯದ ದೋಷವೂ ಅಲ್ಲ, ಅಕ್ಕನ ಅಲಕ್ಷ್ಯವೂ ಅಲ್ಲ.

ಆ ವಾರವೇ ನಾವು ಅಯಸ್ಕಾಂತವನ್ನೂ ನಾಣ್ಯಗಳನ್ನೂ ಜೋಳಿಗೆಯಲ್ಲಿ ಹಾಕಿಕೊಂಡು ಅಕ್ಕನ ಊರಿಗೆ ಹೋದೆವು. ಅವರ ಮನೆಯವರೆಲ್ಲರ ಎದುರು ಒಂದೊಂದನ್ನೂ ತೋರಿಸಿ, ಯಾವುದರಲ್ಲಿ ಎಷ್ಟು ಬೆಳ್ಳಿಯಿದೆಯೆಂದು ವಿವರಿಸಿದೆವು. ಕೊನೆಗೆ ಸವೆದುಹೋದ ನಮ್ಮ ನಾಣ್ಯಗಳನ್ನೂ ಮುಂದಿಟ್ಟು, "ಅಕ್ಕಾ, ತಪ್ಪು ನಮ್ಮದು. ನೀ ಕೇಳಿದ ದಿನ ಹೇಳಬೇಕಾಗಿತ್ತು" ಎಂದೆವು. ಅಕ್ಕ ಬಹಳ ಹೊತ್ತು ಒಂದು ಕಪ್ಪು ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಳು. "ಅವ್ವ ನನಗ ಆರಿಸಿ ಇಟ್ಟಿದ್ದಳಂತ ಗೊತ್ತಾತಲ್ಲ ತಮ್ಮಾ, ಅಷ್ಟ ಸಾಕು" ಎಂದಳು. ಆ ವರ್ಷದ ಪಂಚಮಿಗೆ ಉಂಡಿಯ ಡಬ್ಬಿ ಹೊತ್ತು ಬಂದಳು. ಈಗ ಅವಳಿಗೆ ಎಪ್ಪತ್ತು ದಾಟಿದೆ. ಇಂದಿಗೂ ಪಂಚಮಿ ತಪ್ಪಿಸಿಲ್ಲ. ಆ ಕಪ್ಪನ್ನು ನಾವು ತೆಗೆಯಲಿಲ್ಲ. ಕಪ್ಪು ಪದರವೂ ಆ ನಾಣ್ಯದ ಬೆಳ್ಳಿಯಿಂದಲೇ ಆದದ್ದು. ಉಜ್ಜಿದಷ್ಟೂ ಬೆಳ್ಳಿಯೇ ಹೋಗುತ್ತದೆ, ಅದರೊಡನೆ ಮುದ್ರೆಯೂ ಹೋಗುತ್ತದೆ. ಹಳೆಯ ನಾಣ್ಯಗಳನ್ನು ಸಂಗ್ರಹಿಸುವವರು ಕೂಡ ತಿಕ್ಕಿದ ನಾಣ್ಯಕ್ಕಿಂತ ಸಹಜವಾಗಿ ಕಪ್ಪಡರಿದ ನಾಣ್ಯಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ.

ಇನ್ನು ಮನೆಯಲ್ಲಿ ಇಂಥ ನಾಣ್ಯಗಳುಳ್ಳ ಬಂಧುಗಳಿಗೆ ನಮ್ಮ ಅನುಭವದಿಂದಲೂ ತಿಳಿದವರಿಂದ ಕೇಳಿದ್ದರಿಂದಲೂ ಕೆಲವು ಮಾತುಗಳು. ಬಳಸುವ ಬೆಳ್ಳಿ ಬೇರೆ, ಇಡುವ ಬೆಳ್ಳಿ ಬೇರೆ ಎಂಬುದನ್ನು ಮೊದಲು ಮನಗಾಣಬೇಕು. ನಿತ್ಯ ಕೊರಳಲ್ಲಿರುವ ಬೆಳ್ಳಿಯ ಕರಡಿಗೆ ಮೈಗೂ ಬಟ್ಟೆಗೂ ಉಜ್ಜಿ ಉಜ್ಜಿ ತಾನೇ ಬೆಳಗುತ್ತಿರುತ್ತದೆ. ಕುಸುರಿಯಿಲ್ಲದ ಆರತಿ ತಟ್ಟೆಯನ್ನು ಮೆತ್ತಗೆ ತೊಳೆದರೆ ಹಾನಿಯಿಲ್ಲ. ಅಗಲವಾದ ಪಾತ್ರೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತಟ್ಟೆಯನ್ನು ಹಾಳೆಗೆ ತಾಗುವಂತೆ ಮುಳುಗಿಸಿದರೆ, ಗಂಧಕವು ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ. ತಿಕ್ಕುವ ಶ್ರಮವೂ ಇಲ್ಲ. ಆದರೆ ಹಳೆಯ ನಾಣ್ಯಕ್ಕೆ ಇದನ್ನೂ ಮಾಡಬಾರದು. ಅದರ ಸಹಜ ಕಾಂತಿ ಮಂಕಾಗುತ್ತದೆ. ಕಪ್ಪಾದ ಮೇಲೆ ತೆಗೆಯುವುದಕ್ಕಿಂತ ಕಪ್ಪಾಗದಂತೆ ಇಡುವುದೇ ಜಾಣತನ.

ನಾಣ್ಯವನ್ನು ಒಣಗಿದ ಶುದ್ಧವಾದ ಕೈಯಿಂದ, ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬೆವರಿನ ಉಪ್ಪು ಬೆರಳಚ್ಚನ್ನು ಶಾಶ್ವತವಾಗಿ ಮೂಡಿಸಬಲ್ಲದು. ಪೂಜೆಯಲ್ಲಿ ಅರಿಶಿನ, ಕುಂಕುಮ, ಹಾಲು, ಮೊಸರು ತಾಗಿದರೆ ಅಂದೇ ಶುದ್ಧನೀರಿನಲ್ಲಿ ಅದ್ದಿ ತೆಗೆದು, ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರಾರಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಒದ್ದೆ ನಾಣ್ಯವನ್ನು ಡಬ್ಬಿಗೆ ಹಾಕಿದರೆ ಬೆಳ್ಳಿಯೊಳಗಿನ ತಾಮ್ರವು ಹಸಿರು ಕಿಲುಬನ್ನು ಬಿಡುತ್ತದೆ. ಒಂದರ ಮೇಲೊಂದು ಗಲಗಲ ಉರುಳುವಂತೆ ಹಾಕದೆ ಬೇರೆ ಬೇರೆಯಾಗಿ ಇಡಬೇಕು. ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ ಚೀಲಗಳು ನೋಡಲು ಅಂದವಾಗಿದ್ದರೂ ಕಾಲಕ್ರಮದಲ್ಲಿ ಅಂಟಂಟಾದ ಹಸಿರು ಪದಾರ್ಥವನ್ನು ನಾಣ್ಯಕ್ಕೆ ಮೆತ್ತುತ್ತವೆ. ಅವುಗಳ ಬದಲು ಪಾಲಿಥೀನ್ ಚೀಲ, ಪಾಲಿಎಸ್ಟರ್ ಹಾಳೆಯ ಹೊದಿಕೆ, ಅಥವಾ ಗಟ್ಟಿಯಾದ ಪಾರದರ್ಶಕ ಕರಂಡಕಗಳು ಉತ್ತಮ. ಇವಾವುವೂ ಸಿಗದಿದ್ದರೆ ಅವ್ವನ ಉಪಾಯವೇ ಸಾಕು: ಬಣ್ಣ ಹಾಕದ, ಚೆನ್ನಾಗಿ ಒಗೆದು ಒಣಗಿಸಿದ ಹತ್ತಿಯ ಬಟ್ಟೆ, ಬಿಗಿಯಾದ ಮುಚ್ಚಳದ ಡಬ್ಬಿ, ಅಡುಗೆಮನೆಯಿಂದಲೂ ಬಚ್ಚಲಿನಿಂದಲೂ ದೂರವಾದ ಸ್ಥಳ. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್‌ನ ಚಿಕ್ಕ ಪೊಟ್ಟಣವಿಟ್ಟರೆ ಮಳೆಗಾಲದಲ್ಲಿ ಅನುಕೂಲ. ಅದನ್ನು ಆಗಾಗ ಬದಲಿಸಬೇಕು. ನಾಮಕರಣ, ಗೃಹಪ್ರವೇಶಗಳಲ್ಲಿ ಈಗ ಉಡುಗೊರೆಯಾಗಿ ಬರುವ 999 ಶುದ್ಧತೆಯ ನಾಣ್ಯಗಳೂ ಗಂಧಕ ತಾಗಿದರೆ ಕಪ್ಪಾಗುತ್ತವೆ. ಅವು ಬಂದ ಮೊಹರಿನ ಹೊದಿಕೆಯನ್ನು ಒಡೆಯದೆ ಇಡುವುದೇ ಕ್ಷೇಮ.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ಡಬ್ಬಿಯ ಜೊತೆಗೆ ಒಂದು ಪಟ್ಟಿಯಿರಲಿ. ಯಾವ ಇಸವಿಯ ನಾಣ್ಯ ಎಷ್ಟು, ಯಾರಿಂದ ಬಂದದ್ದು, ಯಾರಿಗೆ ಹೋಗಬೇಕಾದದ್ದು ಎಂಬುದನ್ನು ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಿರಿ. ನಾವು ಈಗ ಮೂವರ ನಾಣ್ಯಗಳಿಗೂ ಇಂಥ ಪಟ್ಟಿ ಬರೆದಿದ್ದೇವೆ. ನಮ್ಮ ಇಪ್ಪತ್ತರ ಸಾಲಿನಲ್ಲಿ ನಾಲ್ಕು ನಾಣ್ಯಗಳ ಮುಂದೆ ಇಸವಿಯ ಸ್ಥಳ ಖಾಲಿಯಾಗಿದೆ. ಓದಲು ಅಲ್ಲಿ ಏನೂ ಉಳಿದಿಲ್ಲ. ಅಕ್ಕನ ಸಾಲಿನಲ್ಲಿ ಇಪ್ಪತ್ತು ಇಸವಿಗಳೂ ಇವೆ. ಕಪ್ಪಿನ ಕೆಳಗೆ ಪ್ರತಿಯೊಂದು ಅಕ್ಷರವೂ ಅವ್ವ ಕೊಟ್ಟ ದಿನದಂತೆಯೇ ಇದೆ. ಈ ದೀಪಾವಳಿಗೆ ನಿಮ್ಮ ಮನೆಯ ಡಬ್ಬಿಯನ್ನು ತೆರೆದಾಗ ಹುಣಸೆಹಣ್ಣನ್ನು ಅಡುಗೆಗೆ ಇರಿಸಿ, ಕಾಗದ ಲೇಖನಿಗಳನ್ನು ಕೈಗೆತ್ತಿಕೊಳ್ಳಿರಿ ಎಂಬುದೇ ನಮ್ಮ ವಿನಂತಿ. ಶರಣು.